ಮಣ್ಣು ಮಾಡುವುದು

ಮೂರು ವಾರದ ಆಳಾಗಿ ಹೋಗಿದ್ದೆ.
ಊಟ, ಹಾಸಿಗೆ, ಕೈಗವಸು ಅವಳದು.
ಐರ್ಲೆಂಡಿನ ಪಡುವಣ ತುದಿ ದಾಟಿ
ಇನ್ನೂ ಒಂದು ಗಂಟೆ ದೋಣಿ.
ದೋಣಿಯಿಂದ ಕಂಡದ್ದು
ತೊಳೆದು ಕವುಚಿಟ್ಟ ಬೋಗುಣಿಯಂಥ ಬಂಡೆ.
ಒಂದು ಮರವಿಲ್ಲ.

ನಾಪ್ಲಾ ಬಂದಳು, ಐವತ್ತು ದಾಟಿದವಳು,
ಅಣ್ಣನ ಬೂಟು, ಯಾರದೋ ಟೊಪ್ಪಿಗೆ.
ಹೆಸರು ಕೇಳಲಿಲ್ಲ. ನನ್ನ ಕೈ ತಿರುಗಿಸಿ ಅಂಗೈ ನೋಡಿದಳು,
ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ.
"ನಾಳೆ ಮಣ್ಣು ಮಾಡೋಣ" ಅಂದಳು.

ಅವಳ ಇಂಗ್ಲಿಷು ತಲೆಯೊಳಗೆ ಕನ್ನಡವಾಗುವಷ್ಟರಲ್ಲಿ
ಎದೆ ಧಸಕ್ಕೆಂದಿತು.
ನಮ್ಮ ಮಾತಿನಲ್ಲಿ ಅದನ್ನು
ಹೀಗೆ ಚಹಾ ಹೀರುತ್ತ ಹೇಳುವುದಿಲ್ಲ.

ಬೆಳಗ್ಗೆ ತಿಳಿಯಿತು:
ಮೊದಲು ಬಂಡೆಯ ಬಿರುಕಿಗೆ ಜಲ್ಲಿ,
ಇಲ್ಲದಿದ್ದರೆ ಎಲ್ಲ ಸೋರಿ ಪಾತಾಳ ಸೇರುತ್ತದೆ.
ಮೇಲೊಂದು ಹಾಸು ಮರಳು.
ಅದರ ಮೇಲೆ ಕಡಲಪಾಚಿ,
ಚಳಿಗಾಲದ ಬಿರುಗಾಳಿ ದಡಕ್ಕೆಸೆದದ್ದು,
ಕಂದು, ಲೋಳೆ, ಬೆಲ್ಟಿನಷ್ಟು ದಪ್ಪ,
ಮುಟ್ಟಿದರೆ ಮೀನಿನ ಹೊಟ್ಟೆ.
ಮತ್ತೆ ಮರಳು. ಮತ್ತೆ ಪಾಚಿ.
ಕೊನೆಗೆ ಗೋಡೆಯ ಸಂದಿಯಿಂದ
ಚಮಚದಲ್ಲಿ ಕೆರೆದು ತಂದ ಒಂದು ಹಿಡಿ ಕಪ್ಪು,
ಹೆಪ್ಪು ಹಾಕಿದ ಹಾಗೆ.

ಪಾಚಿಯ ಬುಟ್ಟಿ ಹೊತ್ತೆವು.
ಪಕ್ಕದ ಬಾರ್ಟ್ಲಿಯ ಕತ್ತೆ ಮೂವತ್ತು ಸಲ,
ನಾನು ಹನ್ನೊಂದು.
ಹನ್ನೆರಡನೆಯದಕ್ಕೆ ಕುಸಿದು ಕೂತೆ.
ಕತ್ತೆ ನಿಂತು ನೋಡಿತು. ಏನೂ ಅನ್ನಲಿಲ್ಲ.

ಇಲ್ಲಿನ ಗೋಡೆಗಳಿಗೆ ಗೇಟಿಲ್ಲ.
ಹಸು ಬಂದರೆ ಒಂದು ಮೂಲೆಯ ಕಲ್ಲು ಇಳಿಸಿ
ಅದು ದಾಟಿದ ಮೇಲೆ
ಅದೇ ಕಲ್ಲು ಏರಿಸುತ್ತಾರೆ, ದಿನಕ್ಕೆರಡು ಸಲ.
ಗಾರೆಯೂ ಇಲ್ಲ. ಕಲ್ಲುಗಳ ನಡುವೆ ಆಕಾಶ ಕಾಣುತ್ತದೆ.
"ಮುಚ್ಚಿದರೆ ಗಾಳಿ ಸಿಟ್ಟಾಗಿ ಕೆಡವುತ್ತದೆ.
ಬಿಟ್ಟರೆ ಬಂದು ಹೋಗುತ್ತದೆ, ನೆಂಟರ ಹಾಗೆ."

ಒಂದು ರಾತ್ರಿ ನಾನು ದೊಡ್ಡ ಮಾತಾಡಿದೆ:
ಎಂಥ ಸ್ವಾವಲಂಬನೆ ನಿನ್ನದು, ಯಾರ ಹಂಗೂ ಇಲ್ಲ.
ಆಲೂಗಡ್ಡೆ ಸುಲಿಯುತ್ತಿದ್ದ ನಾಪ್ಲಾ
ಚಾಕು ಕೆಳಗಿಟ್ಟು ನಕ್ಕಳು.
"ಕತ್ತೆ ಬಾರ್ಟ್ಲಿಯದು. ಪಾಚಿ ಕಡಲಿನದು.
ಬೀಜದ ಗೆಡ್ಡೆ ತಂಗಿ ಕೊಟ್ಟದ್ದು.
ಹಸುವಿನ ತೊಟ್ಟಿಗೆ ಬೀಳುವ ಮಳೆ
ಯಾರದೋ ಗೊತ್ತಿಲ್ಲ, ಬಿಲ್ಲು ಬಂದಿಲ್ಲ.
ಚಹಾಪುಡಿ ಹಡಗಿನದು, ಅದಿಲ್ಲದಿದ್ದರೆ ಸತ್ತೇ ಹೋಗುತ್ತೇನೆ.
ಬರೀ ಹಂಗೇ ಕಣೋ ಇದು.
ನನ್ನ ಸ್ವಂತದ್ದು ಅಂದರೆ
ಬೆನ್ನುನೋವು."

ಮರುದಿನ ಹಳೆಯ ಹೊಲದಲ್ಲಿ
ಹೆಣಿಗೆಯ ಕಡ್ಡಿಯೊಂದನ್ನು ನೆಲಕ್ಕೆ ಚುಚ್ಚಿದಳು.
ಠಣ್. ಬಂಡೆ.
ಎಳೆದು, ಒದ್ದೆಯಾದಷ್ಟನ್ನು ಬೆರಳಿಟ್ಟು ಅಳೆದಳು:
ಗೇಣಿಗೆ ಒಂದು ಬೆರಳು ಕಡಿಮೆ.
"ಕೆಳಗಿನ ಇಷ್ಟು ಮುತ್ತಜ್ಜಿ.
ಇದು ಅಜ್ಜಿ.
ಇದು ಅಮ್ಮ, ಮರಳು ಜಾಸ್ತಿ ಸುರಿದಳು, ಅವಸರದ ಹೆಂಗಸು."
ತುದಿಯಲ್ಲಿ ಉಗುರಿನಷ್ಟು ಉಳಿದಿತ್ತು.
ಅದು ಯಾರದೆಂದು ಹೇಳಲಿಲ್ಲ.

ಹೊರಡುವ ಹಿಂದಿನ ಸಂಜೆ
ಗೋರಿಗಳ ಕಡೆಗೆ ಕರೆದೊಯ್ದಳು. ಕಡಲ ಪಕ್ಕ, ಮರಳ ದಿನ್ನೆ.
ಇಡೀ ದ್ವೀಪದಲ್ಲಿ
ಒಂದಾಳು ಆಳ ಅಗೆಯಬಹುದಾದ ಜಾಗ ಅದೊಂದೇ.
"ಆಳದ್ದನ್ನೆಲ್ಲ ಇವರಿಗೆ ಕೊಟ್ಟು
ನಾವು ತೆಳ್ಳಗಿನದರಲ್ಲಿ ಇದ್ದೇವೆ."

ಆಗ ಹೇಳಿದೆ,
ನಮ್ಮಲ್ಲಿ ಮಣ್ಣು ಮಾಡುವುದೆಂದರೆ ಏನೆಂದು.
ನಾಪ್ಲಾ ಟೊಪ್ಪಿಗೆ ತೆಗೆದು ತಲೆ ಕೆರೆದಳು,
ಬಹಳ ಹೊತ್ತು.
"ಆಮೇಲೆ ಅದರ ಮೇಲೆ ಆಲೂಗಡ್ಡೆ ಹಾಕುತ್ತೀರಾ?"
ಇಲ್ಲ, ಅಂದೆ.
"ಅಯ್ಯೋ" ಅಂದಳು, ನಿಜವಾಗಿ ಮರುಗಿ.

ದೋಣಿಕಟ್ಟೆಯಲ್ಲಿ ಕೈ ಕುಲುಕಲಿಲ್ಲ.
"ಕಾಲೆತ್ತು."
ಜೇಬಿನಿಂದ ಆ ಚಮಚ ಬಂತು.
ಬಲ ಬೂಟು, ಎಡ ಬೂಟು,
ಅಟ್ಟೆಯ ಗೆರೆಗಳಲ್ಲಿ ಕೂತದ್ದನ್ನೆಲ್ಲ ಕೆರೆದು
ಬಿಸ್ಕತ್ತಿನ ಡಬ್ಬಿಗೆ ಹಾಕಿಕೊಂಡು
ಮುಚ್ಚಳ ಒತ್ತಿದಳು.
"ಈಗ ಹೋಗು."